ವಂಶದ ಪಾಲೆಷ್ಟು, ವೈರಸ್ಸಿನ ಪಾಲೆಷ್ಟು?

ತಂದೆ ಲಿವರ್ ಕ್ಯಾನ್ಸರ್‌ನಿಂದ ತೀರಿಕೊಂಡರು, ದೊಡ್ಡಪ್ಪನೂ ಅದರಲ್ಲೇ ಹೋದರು, ಈಗ ಅಣ್ಣನ ಸ್ಕ್ಯಾನಿಂಗ್‌ನಲ್ಲಿ ಗಡ್ಡೆ ಕಾಣಿಸಿದೆ. ಇಂಥ ಮನೆಗಳಲ್ಲಿ ಒಂದು ಮಾತು ತಾನಾಗಿಯೇ ಹುಟ್ಟಿಕೊಳ್ಳುತ್ತದೆ: "ಇದು ನಮ್ಮ ವಂಶದಲ್ಲೇ ಇದೆ." ಆ ಮಾತಿನಲ್ಲಿ ಭಯವಿದೆ, ಜೊತೆಗೆ ಒಂದು ಬಗೆಯ ಸಮಾಧಾನವೂ ಇದೆ. ರಕ್ತದಲ್ಲೇ ಬಂದದ್ದಕ್ಕೆ ಯಾರು ಏನು ಮಾಡಲು ಸಾಧ್ಯ? ಹಾಗಾಗಿ ಉಳಿದ ತಮ್ಮಂದಿರು, ಮಕ್ಕಳು ಪರೀಕ್ಷೆಗೂ ಹೋಗುವುದಿಲ್ಲ.

ಈ ಮಾತು ಎಷ್ಟು ನಿಜ? ಕಳೆದ ಅರವತ್ತು ವರ್ಷಗಳಲ್ಲಿ ವಿಜ್ಞಾನ ಇದಕ್ಕೆ ಮೂರು ಬಾರಿ ಉತ್ತರ ಕೊಟ್ಟಿದೆ. ಮೊದಲು 'ಹೌದು' ಎಂದಿತು. ಆಮೇಲೆ 'ಅಲ್ಲ' ಎಂದಿತು. ಈಗ 'ಸ್ವಲ್ಪ ಮಟ್ಟಿಗೆ' ಎನ್ನುತ್ತಿದೆ. ಮೊದಲ ಉತ್ತರ ಬಂದಾಗ ಅದು ಲಿವರ್ ಕ್ಯಾನ್ಸರ್‌ಗೆ ಸಂಬಂಧಿಸಿದ್ದು ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಮೂರನೆಯ ಉತ್ತರದ 'ಸ್ವಲ್ಪ' ಎಂದರೆ ಎಷ್ಟು ಎಂದು ತಿಳಿಯಬೇಕಾದರೆ ಮೊದಲಿನ ಎರಡನ್ನೂ ದಾಟಿಕೊಂಡು ಬರಬೇಕು.

ಮೊದಲ ಉತ್ತರ: ಹೌದು

1950ರಲ್ಲಿ ಬರೂಕ್ ಬ್ಲೂಂಬರ್ಗ್ ಎಂಬ ಅಮೆರಿಕದ ವೈದ್ಯಕೀಯ ವಿದ್ಯಾರ್ಥಿ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೋಗಿ ಮೋಎಂಗೋ ಎಂಬ ಗಣಿ ಊರಿನಲ್ಲಿ ಕೆಲವು ತಿಂಗಳು ಕೆಲಸ ಮಾಡಿದ. ಅಲ್ಲಿ ಆಫ್ರಿಕಾ ಮೂಲದವರು, ಜಾವಾದವರು, ಚೀನೀಯರು, ಕಬ್ಬಿನ ತೋಟಗಳಿಗೆಂದು ಭಾರತದಿಂದ ಹಡಗಿನಲ್ಲಿ ಹೋದವರ ಮಕ್ಕಳು ಮೊಮ್ಮಕ್ಕಳು ಅಕ್ಕಪಕ್ಕದಲ್ಲೇ ಬದುಕುತ್ತಿದ್ದರು. ಊರು ಒಂದೇ, ಸೊಳ್ಳೆಯೂ ಒಂದೇ. ಆದರೆ ಆನೆಕಾಲು ರೋಗದ ಹುಳು ಎಲ್ಲರನ್ನೂ ಒಂದೇ ರೀತಿ ಕಾಡುತ್ತಿರಲಿಲ್ಲ. ಕಾಯಿಲೆ ಒಂದೇ ಇದ್ದರೂ ಮೈ ಅದನ್ನು ಎದುರಿಸುವ ರೀತಿ ಬೇರೆ ಬೇರೆ ಇರುವುದು ಏಕೆ? ಈ ಪ್ರಶ್ನೆ ಅವನನ್ನು ಬಿಡಲಿಲ್ಲ.

ಮುಂದೆ ಆಕ್ಸ್‌ಫರ್ಡ್‌ನಲ್ಲಿ ಅವರಿಗೆ ಆಂಥನಿ ಆಲಿಸನ್ ಜೊತೆಯಾದರು. ಕುಡಗೋಲು ಕಣ ರಕ್ತಹೀನತೆಯ ಜೀನ್ ಒಂದೇ ಪ್ರತಿಯಲ್ಲಿದ್ದರೆ ಮಲೇರಿಯಾದಿಂದ ಕಾಪಾಡುತ್ತದೆ ಎಂದು 1954ರಲ್ಲಿ ತೋರಿಸಿಕೊಟ್ಟವರು ಈ ಆಲಿಸನ್. ರಕ್ತದಲ್ಲಿರುವ ಪ್ರೋಟೀನ್‌ಗಳು ವಂಶದಿಂದ ವಂಶಕ್ಕೆ ಸಣ್ಣಪುಟ್ಟ ವ್ಯತ್ಯಾಸಗಳೊಂದಿಗೆ ಇಳಿದು ಬರುತ್ತವೆ, ಕಾಯಿಲೆಗಳ ಗುಟ್ಟು ಅಲ್ಲಿ ಸಿಗಬಹುದು ಎಂಬುದು ಇಬ್ಬರ ನಂಬಿಕೆ.

ವ್ಯತ್ಯಾಸಗಳನ್ನು ಹಿಡಿಯಲು ಒಂದು ಸರಳ ಉಪಾಯ ಕಂಡುಕೊಂಡರು. ಹಲವಾರು ಬಾರಿ ಬೇರೆಯವರ ರಕ್ತ ಪಡೆದ ರೋಗಿಯ ಮೈ, ತನ್ನಲ್ಲಿಲ್ಲದ ಪ್ರೋಟೀನ್‌ಗಳ ವಿರುದ್ಧ ಪ್ರತಿಕಾಯಗಳನ್ನು ಕಟ್ಟಿಕೊಂಡಿರುತ್ತದೆ. ಅಂಥವರ ರಕ್ತದ ಸೀರಮ್ಮನ್ನು ಅಗರ್ ಎಂಬ ಜೆಲ್ಲಿಯ ತಟ್ಟೆಯಲ್ಲಿ ಒಂದು ಕುಳಿಗೆ ಹಾಕುವುದು, ಸುತ್ತಲಿನ ಕುಳಿಗಳಿಗೆ ಜಗತ್ತಿನ ಬೇರೆ ಬೇರೆ ಕಡೆಯ ಜನರ ಸೀರಮ್ ಹಾಕುವುದು. ಪ್ರತಿಕಾಯಕ್ಕೆ ತನ್ನ ಜೋಡಿ ಸಿಕ್ಕರೆ ನಡುವೆ ಒಂದು ಗೆರೆ ಮೂಡುತ್ತದೆ.

1963ರ ಹೊತ್ತಿಗೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಬ್ಲೂಂಬರ್ಗ್ ಮತ್ತು ಯುವ ವೈದ್ಯ ಹಾರ್ವೆ ಆಲ್ಟರ್ ಇಂಥದೇ ತಟ್ಟೆಯಲ್ಲಿ ಒಂದು ವಿಚಿತ್ರ ಗೆರೆ ಕಂಡರು. ನ್ಯೂಯಾರ್ಕಿನ ಒಬ್ಬ ಹಿಮೋಫಿಲಿಯಾ ರೋಗಿಯ ರಕ್ತ, ಆಸ್ಟ್ರೇಲಿಯಾದ ಒಬ್ಬ ಮೂಲನಿವಾಸಿಯ ರಕ್ತದೊಂದಿಗೆ ಗೆರೆ ಎಳೆದಿತ್ತು. ಅದಕ್ಕೆ 'ಆಸ್ಟ್ರೇಲಿಯಾ ಆ್ಯಂಟಿಜೆನ್' ಎಂದು ಹೆಸರಿಟ್ಟರು.

ಇದು ಅಮೆರಿಕದ ಆರೋಗ್ಯವಂತರಲ್ಲಿ ತೀರಾ ಅಪರೂಪ. ಏಷ್ಯಾ ಮತ್ತು ಉಷ್ಣವಲಯದ ಜನರಲ್ಲಿ ಸಾಕಷ್ಟು. ಒಂದೇ ಮನೆಯಲ್ಲಿ ಹಲವರಿಗೆ ಇರುತ್ತಿತ್ತು. ಫಿಲಿಪ್ಪೀನ್ಸ್‌ನ ಸೆಬು ಮತ್ತು ಪೆಸಿಫಿಕ್‌ನ ಬೂಗನ್‌ವಿಲ್ ದ್ವೀಪಗಳ ಕುಟುಂಬಗಳನ್ನು ಲೆಕ್ಕ ಹಾಕಿ ನೋಡಿದರೆ, ತಂದೆ ತಾಯಿ ಇಬ್ಬರಿಂದಲೂ ಒಂದೊಂದು ಪ್ರತಿ ಬಂದರೆ ಮಾತ್ರ ಪ್ರಕಟವಾಗುವ ಜೀನ್‌ಗೆ ಈ ಹಂಚಿಕೆ ಸರಿಯಾಗಿ ಹೊಂದುತ್ತಿತ್ತು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಹಾಗಾಗಿ ಬ್ಲೂಂಬರ್ಗ್ ತಂಡ, ಇದು ವಂಶಪಾರಂಪರ್ಯವಾಗಿ ಬರುವ ಗುಣ ಎಂದಿತು.

ಎರಡನೆಯ ಉತ್ತರ: ಅಲ್ಲ

ಬ್ಲೂಂಬರ್ಗ್ 1964ರಲ್ಲಿ ಫಿಲಡೆಲ್ಫಿಯಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಗೆ ಬಂದರು. ಡೌನ್ ಸಿಂಡ್ರೋಮ್ ಇರುವವರಲ್ಲಿ ಈ ಆ್ಯಂಟಿಜೆನ್ ಹೆಚ್ಚಾಗಿ ಸಿಗುತ್ತಿತ್ತು. ಜೀನ್ ವಾದಕ್ಕೆ ಇದೂ ಬೆಂಬಲವೆಂದೇ ಕಂಡಿತು. 1966ರಲ್ಲಿ, ಮೊದಲ ಪರೀಕ್ಷೆಯಲ್ಲಿ ಆ್ಯಂಟಿಜೆನ್ ಇಲ್ಲದಿದ್ದ ಒಬ್ಬ ರೋಗಿಯನ್ನು ಮತ್ತೆ ಪರೀಕ್ಷಿಸಿದಾಗ ಅದು ಇತ್ತು. ಹುಟ್ಟಿನಿಂದ ಬಂದ ಗುಣ ನಡುವೆ ಹೊಸದಾಗಿ ಕಾಣಿಸಿಕೊಳ್ಳುವುದು ಹೇಗೆ? ಲಿವರ್ ಪರೀಕ್ಷೆ ಮಾಡಿಸಿದರೆ ಆ ರೋಗಿಗೆ ಹೆಪಟೈಟಿಸ್ ಆಗಿತ್ತು. ಮರುವರ್ಷ ಅದೇ ಪ್ರಯೋಗಾಲಯದ ತಂತ್ರಜ್ಞೆ ಬಾರ್ಬರಾ ವರ್ನರ್‌ಗೆ ಆರೋಗ್ಯ ಕೆಟ್ಟಿತು. ಅವರು ತಮ್ಮ ರಕ್ತವನ್ನು ತಾವೇ ಪರೀಕ್ಷಿಸಿದರು. ಮಸುಕಾದ ಗೆರೆ ಮೂಡಿತು. ಕೆಲವೇ ದಿನಗಳಲ್ಲಿ ಕಾಮಾಲೆ ಕಾಣಿಸಿತು.

ಇನ್ನು ಸಂಶಯ ಉಳಿಯಲಿಲ್ಲ. ಆಸ್ಟ್ರೇಲಿಯಾ ಆ್ಯಂಟಿಜೆನ್ ಮನುಷ್ಯನ ಪ್ರೋಟೀನೇ ಅಲ್ಲ. ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚದ ಚೂರು. ಇಂದು ಲ್ಯಾಬ್ ರಿಪೋರ್ಟ್‌ಗಳಲ್ಲಿ 'ಎಚ್‌ಬಿಎಸ್‌ಎಜಿ' ಎಂದು ಬರುವುದು ಅದೇ. ಬ್ಲೂಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಬಂತು.

ಹಾಗಾದರೆ ಮನೆಮಂದಿಯ ನಡುವೆ ಅದು ಜೀನ್‌ನಂತೆ ಹರಿದದ್ದು ಹೇಗೆ? ತೈವಾನ್ ಇದಕ್ಕೆ ಉತ್ತರ ಕೊಟ್ಟಿತು. ವೈರಸ್ ಹೊತ್ತ ತಾಯಿಯಿಂದ ಹೆರಿಗೆಯ ಹೊತ್ತಿನಲ್ಲಿ ಮಗುವಿಗೆ ಸೋಂಕು ದಾಟುತ್ತದೆ ಎಂದು ಅಲ್ಲಿ ಕೆಲಸ ಮಾಡುತ್ತಿದ್ದ ಕ್ಲ್ಯಾಡ್ ಸ್ಟೀವನ್ಸ್, ಪಾಮರ್ ಬೀಸ್ಲಿ ಮತ್ತಿತರರು 1975ರಲ್ಲಿ ವರದಿ ಮಾಡಿದರು. ಹೀಗೆ ಹುಟ್ಟುವಾಗಲೇ ಸೋಂಕು ತಗುಲಿದ ಶಿಶುಗಳಲ್ಲಿ ಸುಮಾರು ಶೇ. 90ರಷ್ಟು ಮಂದಿಯಲ್ಲಿ ವೈರಸ್ ಶಾಶ್ವತವಾಗಿ ಉಳಿದುಬಿಡುತ್ತದೆ. ದೊಡ್ಡವರಾದ ಮೇಲೆ ಸೋಂಕು ತಗುಲಿದರೆ ಉಳಿಯುವುದು ಶೇ. 5ಕ್ಕಿಂತ ಕಡಿಮೆ ಮಂದಿಯಲ್ಲಿ. ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಒಡಹುಟ್ಟಿದವರೆಲ್ಲರಿಗೆ ದಾಟುವ ಸೋಂಕು ಹೊರಗಿನಿಂದ ನೋಡುವವರಿಗೆ ವಂಶದ ಗುಣದಂತೆಯೇ ಕಾಣುತ್ತದೆ.

ಅದೇ ಬೀಸ್ಲಿ ತೈವಾನಿನ 22,707 ಮಂದಿ ಗಂಡಸರ ರಕ್ತ ಪರೀಕ್ಷಿಸಿ, ಅವರ ಆರೋಗ್ಯವನ್ನು ವರ್ಷಾನುಗಟ್ಟಲೆ ಗಮನಿಸುವ ಅಧ್ಯಯನ ಕೈಗೊಂಡರು. ಅವರಲ್ಲಿ 3,454 ಮಂದಿ ವೈರಸ್ ವಾಹಕರು. 1981ರಲ್ಲಿ ಪ್ರಕಟವಾದ ಫಲಿತಾಂಶ ವೈದ್ಯಲೋಕವನ್ನು ಬೆಚ್ಚಿಬೀಳಿಸಿತು. ಲಿವರ್ ಕ್ಯಾನ್ಸರ್ ವಾಹಕರಲ್ಲಿ ಲಕ್ಷಕ್ಕೆ 1,158ರ ಪ್ರಮಾಣದಲ್ಲಿತ್ತು, ಉಳಿದವರಲ್ಲಿ ಲಕ್ಷಕ್ಕೆ 5. ಅಂದರೆ ಅಪಾಯ 223 ಪಟ್ಟು. ಒಂದು ವೈರಸ್ ಮತ್ತು ಒಂದು ಕ್ಯಾನ್ಸರ್ ನಡುವೆ ಇಷ್ಟು ಗಟ್ಟಿ ನಂಟು ಸಿಗುವುದು ಅಪರೂಪ.

ಈ ಉತ್ತರದ ಬೆನ್ನಿಗೇ ಪರಿಹಾರವೂ ಬಂತು. 1981ರಲ್ಲಿ ಅಮೆರಿಕದಲ್ಲಿ ಮೊದಲ ಹೆಪಟೈಟಿಸ್ ಬಿ ಲಸಿಕೆಗೆ ಒಪ್ಪಿಗೆ ಸಿಕ್ಕಿತು. 1984ರಲ್ಲಿ ತೈವಾನ್ ವಾಹಕ ತಾಯಂದಿರ ಶಿಶುಗಳಿಗೆ, ಎರಡು ವರ್ಷಗಳ ನಂತರ ಎಲ್ಲ ಶಿಶುಗಳಿಗೂ ಲಸಿಕೆ ಹಾಕತೊಡಗಿತು. ಅಲ್ಲಿ 6ರಿಂದ 14 ವರ್ಷದ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ 1981-86ರ ಅವಧಿಯಲ್ಲಿ ಲಕ್ಷಕ್ಕೆ 0.70 ಇದ್ದದ್ದು, 1990-94ರ ಹೊತ್ತಿಗೆ 0.36ಕ್ಕೆ ಇಳಿಯಿತು. ಜೀನ್‌ಗಳು ಹತ್ತು ವರ್ಷದಲ್ಲಿ ಬದಲಾಗುವುದಿಲ್ಲ. ಬದಲಾದದ್ದು ಸೋಂಕು.

ಕಥೆ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಬೀಸ್ಲಿಯವರ ಅಂಕಿಗಳನ್ನು ಇನ್ನೊಂದು ಕಡೆಯಿಂದ ನೋಡಿ. 3,454 ವಾಹಕರಲ್ಲಿ ಆ ಹೊತ್ತಿಗೆ ಕ್ಯಾನ್ಸರ್ ಆದದ್ದು ಸುಮಾರು 40 ಮಂದಿಗೆ. ವೈರಸ್ ಎಲ್ಲರಲ್ಲೂ ಇತ್ತು. ಈ 40 ಮಂದಿ ಏಕೆ, ಉಳಿದವರು ಏಕಲ್ಲ? ಅದಕ್ಕೂ ಮೊದಲು, ಸೋಂಕು ತಗುಲಿದ ಎಲ್ಲರೂ ವಾಹಕರಾಗುವುದಿಲ್ಲವೇಕೆ? ಬ್ಲೂಂಬರ್ಗ್ ಸುರಿನಾಮ್‌ನಲ್ಲಿ ಕೇಳಿಕೊಂಡ ಪ್ರಶ್ನೆ ಉತ್ತರವಿಲ್ಲದೆ ಹಾಗೇ ನಿಂತಿತ್ತು. ಉತ್ತರದ ದಾರಿ ಬೇರೊಂದು ಕಡೆಯಿಂದ ಬರಬೇಕಿತ್ತು.

ಮೂಟೆಯ ಹೊರಗಿನ ಹಿಡಿ ಕಾಳು

ಒಬ್ಬರ ಚರ್ಮವನ್ನೋ ಕಿಡ್ನಿಯನ್ನೋ ಇನ್ನೊಬ್ಬರಿಗೆ ಕಸಿ ಮಾಡಿದರೆ ಮೈ ಅದನ್ನು ತಿರಸ್ಕರಿಸುತ್ತದೆ. ಏಕೆಂದು ಹುಡುಕುತ್ತಾ ಹೋದವರಿಗೆ ಸಿಕ್ಕಿದ್ದು ಜೀವಕೋಶಗಳ ಮೇಲ್ಮೈಯಲ್ಲಿರುವ ಒಂದು ಗುಂಪು ಪ್ರೋಟೀನ್‌ಗಳು. 1930ರ ದಶಕದಲ್ಲಿ ಲಂಡನ್ನಿನ ಪೀಟರ್ ಗೋರರ್ ಇಲಿಗಳಲ್ಲಿ ಇವುಗಳ ಜಾಡು ಹಿಡಿದರು. ಅಮೆರಿಕದ ಜಾರ್ಜ್ ಸ್ನೆಲ್ ಅದನ್ನು ಮುಂದುವರಿಸಿದರು. 1958ರಲ್ಲಿ ಪ್ಯಾರಿಸ್ಸಿನ ಜಾನ್ ದೋಸೆ ಮನುಷ್ಯರಲ್ಲಿ ಮೊದಲನೆಯದನ್ನು ಗುರುತಿಸಿದರು. ಅವರಿಗೂ ಸುಳಿವು ಸಿಕ್ಕಿದ್ದು ಹಲವು ಬಾರಿ ರಕ್ತ ಪಡೆದ ರೋಗಿಗಳ ಸೀರಮ್‌ನಲ್ಲೇ. ಇಂದು ಇವನ್ನು ಎಚ್‌ಎಲ್‌ಎ ಎನ್ನುತ್ತೇವೆ. ಇವುಗಳ ಜೀನ್‌ಗಳು ಆರನೆಯ ಕ್ರೋಮೋಸೋಮಿನಲ್ಲಿ ಒತ್ತೊತ್ತಾಗಿ ಕೂತಿವೆ. ಕಿಡ್ನಿ ಕಸಿಗೆ ಮುಂಚೆ ಅಣ್ಣ ತಮ್ಮಂದಿರದ್ದು ಹೊಂದುತ್ತದೆಯೇ ಎಂದು ನೋಡುವುದು ಇದನ್ನೇ.

ಆದರೆ ಪ್ರಕೃತಿ ಇವನ್ನು ಮಾಡಿಟ್ಟದ್ದು ಆಪರೇಷನ್‌ಗೆ ತೊಡಕಾಗಲೆಂದಲ್ಲವಲ್ಲ. ನಿಜವಾದ ಕೆಲಸವೇನು ಎಂಬುದನ್ನು ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ರೋಲ್ಫ್ ಝಿಂಕರ್‌ನಾಗೆಲ್ ಮತ್ತು ಪೀಟರ್ ಡೊಹರ್ಟಿ 1974ರಲ್ಲಿ ತೋರಿಸಿದರು. ಮೈಯ ಕಾವಲುಗಾರರಾದ ಟಿ ಕೋಶಗಳು ವೈರಸ್ಸನ್ನು ಸೀದಾ ನೋಡಲಾರವು. ವೈರಸ್ಸಿನ ತುಣುಕನ್ನು ಈ ಪ್ರೋಟೀನ್ ಹಿಡಿದು ತೋರಿಸಿದರಷ್ಟೇ ಅವಕ್ಕೆ ಗೊತ್ತಾಗುವುದು.

ಎಪಿಎಂಸಿ ಯಾರ್ಡ್‌ನಲ್ಲಿ ಮೂಟೆಗಳನ್ನು ಸಾಲಾಗಿ ಇಟ್ಟಿರುತ್ತಾರೆ. ವ್ಯಾಪಾರಿ ಪ್ರತಿ ಮೂಟೆಯನ್ನು ಸುರಿದು ನೋಡುವುದಿಲ್ಲ. ಒಂದು ಹಿಡಿ ಕಾಳನ್ನು ಹೊರತೆಗೆದು ಅಂಗೈಯಲ್ಲಿ ಹರಡಿ, ಹುಳು ಹಿಡಿದಿದೆಯೋ ಇಲ್ಲವೋ ನೋಡುತ್ತಾನೆ. ಜೀವಕೋಶವೂ ಕಟ್ಟಿದ ಮೂಟೆಯೇ. ಒಳಗಿನ ಪ್ರೋಟೀನ್‌ಗಳ ಚೂರುಗಳನ್ನು ಹೊರಗೆ ಹಿಡಿದು ತೋರಿಸುವ ಅಂಗೈ ಎಂದರೆ ಎಚ್‌ಎಲ್‌ಎ. ಟಿ ಕೋಶ ಹಾದುಹೋಗುತ್ತಾ ನೋಡುತ್ತದೆ. ವೈರಸ್ಸಿನ ಚೂರು ಕಂಡರೆ ಆ ಕೋಶವನ್ನು ಕೊಲ್ಲುತ್ತದೆ, ಇಲ್ಲವೇ ಸಹಾಯಕ್ಕೆ ಕೂಗುತ್ತದೆ. 1987ರಲ್ಲಿ ಹಾರ್ವರ್ಡ್‌ನ ಪಮೇಲಾ ಬ್ಯೋರ್ಕ್‌ಮನ್ ಮತ್ತು ಸಂಗಡಿಗರು ಒಂದು ಎಚ್‌ಎಲ್‌ಎ ಪ್ರೋಟೀನಿನ ರಚನೆ ಬಿಡಿಸಿದಾಗ ಅದರ ತುದಿಯಲ್ಲಿ ನಿಜಕ್ಕೂ ಒಂದು ತಗ್ಗು ಇತ್ತು, ಅದರಲ್ಲಿ ಒಂದು ಚೂರು ಕೂತಿತ್ತು.

ಈ ಅಂಗೈ ಒಬ್ಬೊಬ್ಬರಲ್ಲಿ ಒಂದೊಂದು ಆಕಾರ. ಮನುಷ್ಯರ ಜೀನ್‌ಗಳಲ್ಲೆಲ್ಲ ಅತಿ ಹೆಚ್ಚು ವೈವಿಧ್ಯ ಇರುವುದು ಇಲ್ಲೇ, ಸಾವಿರಾರು ಬಗೆಗಳಿವೆ. ಅರ್ಧ ಅಪ್ಪನಿಂದ, ಅರ್ಧ ಅಮ್ಮನಿಂದ. ಒಬ್ಬರ ಅಂಗೈಯಲ್ಲಿ ಹೆಪಟೈಟಿಸ್ ವೈರಸ್ಸಿನ ಮುಖ್ಯ ಚೂರು ಚೆನ್ನಾಗಿ ಕೂರುತ್ತದೆ; ಇನ್ನೊಬ್ಬರಲ್ಲಿ ಜಾರಿಹೋಗುತ್ತದೆ. ಸುರಿನಾಮ್‌ನ ಪ್ರಶ್ನೆಗೆ ಇಲ್ಲೊಂದು ಉತ್ತರದ ಸಾಧ್ಯತೆ ಇತ್ತು. ಅದನ್ನು ಪರೀಕ್ಷಿಸುವುದು ಹೇಗೆ? ಒಂದೇ ವೈರಸ್ಸನ್ನು ಒಂದೇ ಮೂಲದಿಂದ ನೂರಾರು ಜನರಿಗೆ ತಗುಲಿಸಿ ನೋಡಬೇಕು. ಯಾವ ವಿಜ್ಞಾನಿಯೂ ಮಾಡಬಾರದ ಪ್ರಯೋಗ ಅದು. ಐರ್ಲೆಂಡಿನಲ್ಲಿ ಅದು ಯಾರೂ ಬಯಸದೆ ನಡೆದುಹೋಗಿತ್ತು.

ಐರ್ಲೆಂಡಿನ ತಾಯಂದಿರು

ತಾಯಿಯ ರಕ್ತ ಆರ್‌ಎಚ್ ನೆಗೆಟಿವ್, ಮಗುವಿನದ್ದು ಪಾಸಿಟಿವ್ ಆದರೆ ಹೆರಿಗೆಯಾದ ಮೇಲೆ ಆ್ಯಂಟಿ-ಡಿ ಇಂಜೆಕ್ಷನ್ ಕೊಡುತ್ತಾರೆ. ಮುಂದಿನ ಮಗುವಿಗೆ ತೊಂದರೆಯಾಗದಿರಲಿ ಎಂದು. ಅದನ್ನು ತಯಾರಿಸುವುದು ದಾನಿಗಳ ಪ್ಲಾಸ್ಮಾದಿಂದ. 1977-78ರಲ್ಲಿ ಐರ್ಲೆಂಡಿನಲ್ಲಿ ಕೊಟ್ಟ ಇಂಜೆಕ್ಷನ್‌ನ ಕೆಲವು ಬ್ಯಾಚ್‌ಗಳಲ್ಲಿ ಸೋಂಕಿದ್ದ ಒಬ್ಬ ದಾನಿಯ ಪ್ಲಾಸ್ಮಾ ಸೇರಿತ್ತು. ಅದರಲ್ಲಿ ಇದ್ದದ್ದು ಹೆಪಟೈಟಿಸ್ ಸಿ ವೈರಸ್. ಬಿ ವೈರಸ್ಸಿಗೂ ಇದಕ್ಕೂ ಸಂಬಂಧವಿಲ್ಲ, ಆದರೆ ಇದೂ ವರ್ಷಗಟ್ಟಲೆ ಉಳಿದು ಲಿವರ್ ಕ್ಯಾನ್ಸರ್‌ವರೆಗೆ ಒಯ್ಯಬಲ್ಲದು. ಆ ವೈರಸ್ಸನ್ನು ಜಗತ್ತು ಗುರುತಿಸಿದ್ದೇ 1989ರಲ್ಲಿ. ಐರ್ಲೆಂಡಿನ ವಿಷಯ ಹೊರಬಂದದ್ದು 1994ರಲ್ಲಿ. ದೇಶದಾದ್ಯಂತ ತಾಯಂದಿರ ರಕ್ತ ಪರೀಕ್ಷೆ ನಡೆಯಿತು, ವಿಚಾರಣಾ ಆಯೋಗ ಕೂತಿತು. ಆ ಹೆಂಗಸರಿಗೆ ಆದದ್ದು ಅನ್ಯಾಯ. ವಿಜ್ಞಾನಕ್ಕೆ ಅದರಿಂದ ತಿಳಿವಳಿಕೆ ಸಿಕ್ಕಿತೆಂಬುದು ಆ ಅನ್ಯಾಯಕ್ಕೆ ಸಮಜಾಯಿಷಿ ಆಗುವುದಿಲ್ಲ.

ಪರೀಕ್ಷೆಗೆ ಒಳಗಾದ 62,667 ಹೆಂಗಸರಲ್ಲಿ 704 ಮಂದಿಗೆ ಎಂದಾದರೂ ಸೋಂಕು ತಗುಲಿದ ಗುರುತು ಇತ್ತು. ಅವರಲ್ಲಿ 390 ಮಂದಿಯ ರಕ್ತದಲ್ಲಿ ವೈರಸ್ ಇನ್ನೂ ಇತ್ತು. ಉಳಿದ 314 ಮಂದಿಯ ಮೈ ಅದನ್ನು ಔಷಧಿಯಿಲ್ಲದೆ ಹೊರಗೆ ಹಾಕಿತ್ತು. ಒಂದೇ ವೈರಸ್, ಒಂದೇ ಬಗೆಯ ಇಂಜೆಕ್ಷನ್, ಎಲ್ಲರೂ ಹೆಂಗಸರು, ಎಲ್ಲರೂ ಆಗತಾನೆ ಹೆತ್ತವರು, ಹೆಚ್ಚುಕಡಿಮೆ ಒಂದೇ ಜನಾಂಗ. ಆದರೂ ಫಲ ಎರಡು ಹೋಳಾಗಿತ್ತು.

2004ರಲ್ಲಿ ಐರ್ಲೆಂಡಿನ ಸಂಶೋಧಕರು ಈ ಎರಡು ಗುಂಪುಗಳ ಎಚ್‌ಎಲ್‌ಎ ಹೋಲಿಸಿ ನೋಡಿದರು. ವೈರಸ್ ಹೊರಹಾಕಿದವರಲ್ಲಿ ಬಿ27, ಎ3, ಡಿಆರ್‌ಬಿ1ರ 0101 ಎಂಬ ಬಗೆಗಳು ಹೆಚ್ಚಾಗಿದ್ದವು. ವೈರಸ್ ಉಳಿಸಿಕೊಂಡವರಲ್ಲಿ ಬಿ8 ಹೆಚ್ಚಾಗಿತ್ತು. ಇದಕ್ಕೂ ಮೊದಲು, 1995ರಲ್ಲಿ, ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದಲ್ಲಿ ಹೆಪಟೈಟಿಸ್ ಬಿ ವಿಷಯದಲ್ಲೂ ಡಿಆರ್‌ಬಿ1ರ ಇನ್ನೊಂದು ಬಗೆ ಸೋಂಕಿನಿಂದ ಪಾರಾಗಲು ನೆರವಾಗುತ್ತದೆಂದು ಕಂಡುಬಂದಿತ್ತು.

ಬಿ27 ಎಂಬ ಹೆಸರು ನಿಮ್ಮಲ್ಲಿ ಕೆಲವರಿಗೆ ಬೇರೆ ಕಾರಣಕ್ಕೆ ಪರಿಚಯವಿರಬಹುದು. ಬೆನ್ನುಮೂಳೆ ಬಿಗಿದುಕೊಳ್ಳುವ ಆ್ಯಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಸಂಧಿವಾತಕ್ಕೆ ಇದೇ ಬಿ27 ದೊಡ್ಡ ಅಪಾಯ. ಹೆಪಟೈಟಿಸ್ ಸಿ ಎದುರು ಕಾಪಾಡುವ ಅಂಗೈ, ಬೆನ್ನಿಗೆ ಶತ್ರು. ಆದ್ದರಿಂದ ಎಚ್‌ಎಲ್‌ಎಯಲ್ಲಿ ಒಳ್ಳೆಯದು, ಕೆಟ್ಟದ್ದು ಎಂಬ ವಿಂಗಡಣೆ ನಿಲ್ಲುವುದಿಲ್ಲ. ಯಾವ ಶತ್ರು ಎದುರಿಗಿದ್ದಾನೆ ಎಂಬುದರ ಮೇಲೆ ಅದು ನಿಂತಿದೆ.

ಮೂರನೆಯ ಉತ್ತರ: ಸ್ವಲ್ಪ ಮಟ್ಟಿಗೆ

ಈ ಶತಮಾನದ ಮೊದಲ ದಶಕ ಮುಗಿಯುವ ಹೊತ್ತಿಗೆ ಒಬ್ಬರ ಡಿಎನ್‌ಎಯಲ್ಲಿ ಲಕ್ಷಾಂತರ ಜಾಗಗಳ ಅಕ್ಷರಗಳನ್ನು ಒಮ್ಮೆಗೇ ಓದುವ ಚಿಪ್‌ಗಳು ಬಂದವು. ಮೊದಲೇ ಅನುಮಾನಿಸಿದ ಜೀನ್‌ಗಳನ್ನಷ್ಟೇ ನೋಡುವ ಬದಲು ಇಡೀ ಡಿಎನ್‌ಎ ಜಾಲಾಡಿ, ರೋಗಿಗಳಿಗೂ ಉಳಿದವರಿಗೂ ಎಲ್ಲಿ ವ್ಯತ್ಯಾಸವಿದೆ ಎಂದು ಹುಡುಕಬಹುದಾಯಿತು.

2009ರಲ್ಲಿ ಜಪಾನಿನ ತಂಡವೊಂದು ದೀರ್ಘಕಾಲದ ಹೆಪಟೈಟಿಸ್ ಬಿ ಇದ್ದ 786 ಮಂದಿಯನ್ನು ಇತರ 2,201 ಮಂದಿಯೊಂದಿಗೆ ಹೋಲಿಸಿತು. ಎದ್ದು ಕಂಡದ್ದು ಎಚ್‌ಎಲ್‌ಎ-ಡಿಪಿ ಎಂಬ ಭಾಗ. ಅಲ್ಲಿ ಒಂದು ಬಗೆಯ ಅಕ್ಷರ ಇದ್ದವರಲ್ಲಿ ಸೋಂಕು ಉಳಿದುಬಿಡುವ ಸಂಭವ ಅರ್ಧದ ಹತ್ತಿರಕ್ಕೆ ಇಳಿದಿತ್ತು. ಥಾಯ್ಲೆಂಡಿನ ಜನರಲ್ಲೂ ಅದೇ ಕಂಡಿತು. ಮಾನವ ಡಿಎನ್‌ಎಯನ್ನೆಲ್ಲ ಜಾಲಾಡಿದರೂ ಬೆರಳು ಹೋಗಿ ನಿಂತದ್ದು ಮತ್ತೆ ಅದೇ ಅಂಗೈಯ ಮೇಲೆ.

ಅದೇ ವರ್ಷ ಹೆಪಟೈಟಿಸ್ ಸಿ ವಿಷಯದಲ್ಲಿ ಬೇರೊಂದು ಜೀನ್ ಸಿಕ್ಕಿತು. ಹತ್ತೊಂಬತ್ತನೆಯ ಕ್ರೋಮೋಸೋಮಿನಲ್ಲಿ ಇಂಟರ್‌ಫೆರಾನ್ ಲ್ಯಾಂಬ್ಡಾ ಎಂಬ ಪ್ರೋಟೀನ್‌ಗಳ ಪಕ್ಕದ ಒಂದು ಅಕ್ಷರ, ವೈರಸ್ ತಾನಾಗಿ ಹೋಗುತ್ತದೆಯೇ, ಅಂದಿನ ಇಂಟರ್‌ಫೆರಾನ್ ಚಿಕಿತ್ಸೆ ಫಲಿಸುತ್ತದೆಯೇ ಎಂಬ ಎರಡನ್ನೂ ಮುಂಚಿತವಾಗಿ ಸೂಚಿಸುತ್ತಿತ್ತು. 2013ರಲ್ಲಿ ಇದರ ಕಾರಣ ತಿಳಿದಾಗ ಆಶ್ಚರ್ಯ ಕಾದಿತ್ತು. ಕೆಲವರಲ್ಲಿ ಆ ಜಾಗದ ಒಂದು ಜೀನ್ ಸರಿಯಾಗಿದ್ದು ಒಂದು ಪ್ರೋಟೀನ್ ತಯಾರಿಸುತ್ತದೆ. ಇನ್ನು ಕೆಲವರಲ್ಲಿ ಅದು ಮುರಿದಿದೆ. ವೈರಸ್ಸನ್ನು ಚೆನ್ನಾಗಿ ಹೊರಹಾಕುವವರು ಜೀನ್ ಮುರಿದವರು!

ಇದರ ಇನ್ನೊಂದು ಮುಖವೂ ಇದೆ. ವೈರಸ್ ಹೊರಹಾಕಲು ನೆರವಾಗುವ ಅದೇ ಬಗೆ, ವೈರಸ್ ಹೋಗದೆ ಉಳಿದುಬಿಟ್ಟವರಲ್ಲಿ ಲಿವರ್‌ನ ಉರಿಯೂತ ಮತ್ತು ನಾರುಗಟ್ಟುವಿಕೆಯನ್ನು ಹೆಚ್ಚಿಸುತ್ತದೆ. ಇದು ಲಿವರ್ ಕ್ಯಾನ್ಸರ್‌ನ ತಿರುಳಿಗೇ ಕರೆದೊಯ್ಯುವ ಸಂಗತಿ. ಹೆಪಟೈಟಿಸ್ ವೈರಸ್‌ಗಳು ಲಿವರ್ ಕೋಶವನ್ನು ತಾವಾಗಿ ಹೆಚ್ಚು ಕೊಲ್ಲುವುದಿಲ್ಲ. ಕೊಲ್ಲುವುದು ನಮ್ಮದೇ ಕಾವಲು ಪಡೆ. ಪಡೆ ಬೇಗ ಗೆದ್ದರೆ ಸರಿ. ಸೋಲಲೂ ಇಲ್ಲ, ಗೆಲ್ಲಲೂ ಇಲ್ಲ ಎಂದಾದರೆ ಇಪ್ಪತ್ತು ಮೂವತ್ತು ವರ್ಷ ಕದನ ನಡೆಯುತ್ತದೆ. ಕೋಶ ಸಾಯುವುದು, ಹೊಸದು ಹುಟ್ಟುವುದು, ಗಾಯ ಗಟ್ಟಿಯಾಗುವುದು. ಪ್ರತಿ ಸಲ ಹೊಸ ಕೋಶ ಹುಟ್ಟುವಾಗಲೂ ಡಿಎನ್‌ಎ ನಕಲಿನಲ್ಲಿ ಒಂದು ತಪ್ಪು ನುಸುಳುವ ಸಂಭವ. ಸಿರೋಸಿಸ್, ಆಮೇಲೆ ಕ್ಯಾನ್ಸರ್. ಹೆಪಟೈಟಿಸ್ ಬಿ ಇದರ ಜೊತೆಗೆ ತನ್ನ ಡಿಎನ್‌ಎಯನ್ನೇ ನಮ್ಮ ಡಿಎನ್‌ಎಯೊಳಗೆ ತೂರಿಸುತ್ತದೆ.

ಅಂದರೆ ಬಾಗಿಲು ಎರಡು. ಸೋಂಕು ಉಳಿಯುತ್ತದೆಯೇ ಎಂಬುದು ಮೊದಲನೆಯದು. ಉಳಿದ ಸೋಂಕು ಕ್ಯಾನ್ಸರ್ ಆಗುತ್ತದೆಯೇ ಎಂಬುದು ಎರಡನೆಯದು. ಎರಡನೆಯ ಬಾಗಿಲಿನ ಬಗ್ಗೆ 2011ರಲ್ಲಿ ಜಪಾನಿನಿಂದಲೇ ಸುಳಿವು ಬಂತು. ಹೆಪಟೈಟಿಸ್ ಸಿಯಿಂದ ಕ್ಯಾನ್ಸರ್ ಆದ 721 ಮಂದಿಯನ್ನು, ಸೋಂಕಿದ್ದೂ ಕ್ಯಾನ್ಸರ್ ಇಲ್ಲದ 2,890 ಮಂದಿಯೊಂದಿಗೆ ಹೋಲಿಸಿದಾಗ, ಎಚ್‌ಎಲ್‌ಎ ನೆರೆಯಲ್ಲೇ ಇರುವ ಮೈಕಾ ಎಂಬ ಜೀನ್‌ನ ಬಳಿ ವ್ಯತ್ಯಾಸ ಕಂಡಿತು. ಸಂಕಟದಲ್ಲಿರುವ ಕೋಶ ತನ್ನ ಮೇಲೆ ಏರಿಸುವ ಅಪಾಯದ ಬಾವುಟ ಈ ಮೈಕಾ. ಅದನ್ನು ಕಂಡು ಕೊಲ್ಲುವ ಕೋಶಗಳು ಬರುತ್ತವೆ. ಬಾವುಟ ಸರಿಯಾಗಿ ಏರದವರಲ್ಲಿ ಕೆಟ್ಟ ಕೋಶಗಳು ಕಣ್ತಪ್ಪಿಸಿಕೊಳ್ಳುತ್ತವೆ ಎಂಬುದು ವಿವರಣೆ. ಮರುವರ್ಷ ಅದೇ ಜಾಗವನ್ನು ಹೆಪಟೈಟಿಸ್ ಬಿ ರೋಗಿಗಳಲ್ಲಿ ನೋಡಿದರೆ ಲೆಕ್ಕ ತಲೆಕೆಳಗಾಗಿತ್ತು: ಸಿ ವೈರಸ್ ಇದ್ದವರಿಗೆ ಅಪಾಯವಾಗಿದ್ದ ಅಕ್ಷರವಲ್ಲ, ಅದರ ಜೋಡಿ ಅಕ್ಷರ ಬಿ ವೈರಸ್ ಇದ್ದವರಿಗೆ ಅಪಾಯವಾಗಿ ಕಂಡಿತು. ಒಂದೇ ಜೀನ್, ವೈರಸ್ ಬದಲಾದರೆ ಫಲವೂ ಬದಲು.

1.39 ಮತ್ತು 223

ಈಗ ಆ 'ಸ್ವಲ್ಪ' ಎಂದರೆ ಎಷ್ಟೆಂದು ನೋಡೋಣ. ಮೈಕಾ ವ್ಯತ್ಯಾಸ ಕ್ಯಾನ್ಸರ್‌ನ ಸಂಭವವನ್ನು ಹೆಚ್ಚಿಸಿದ್ದು 1.39 ಪಟ್ಟು. ಅಂದರೆ ಹತ್ತು ಮಂದಿಗೆ ಬರುವ ಕಡೆ ಸುಮಾರು ಹದಿನಾಲ್ಕು ಮಂದಿಗೆ. ಎಚ್‌ಎಲ್‌ಎ-ಡಿಪಿಯದ್ದು ಹೆಚ್ಚೆಂದರೆ ಎರಡು ಪಟ್ಟಿನ ಮಾತು. ಇವುಗಳ ಪಕ್ಕದಲ್ಲಿ ಬೀಸ್ಲಿಯವರ 223 ಇಟ್ಟು ನೋಡಿ. ಮದ್ಯ, ಬೂಷ್ಟು ಹಿಡಿದ ಶೇಂಗಾ ಮತ್ತು ಮೆಕ್ಕೆಜೋಳದಲ್ಲಿ ಸೇರುವ ಅಫ್ಲಾಟಾಕ್ಸಿನ್ ವಿಷ, ಇವೂ ಈ ಜೀನ್‌ಗಳಿಗಿಂತ ದೊಡ್ಡ ಅಪಾಯಗಳೇ.

ಇನ್ನೂ ಮುಖ್ಯವಾದ ವಿಷಯ ಬೇರೆಯಿದೆ. ಈ ಜೀನ್‌ಗಳಿಗೆ ಸ್ವಂತ ಬಲವಿಲ್ಲ. ವೈರಸ್ ಬಂದರೆ ಮಾತ್ರ ಅವುಗಳ ವ್ಯತ್ಯಾಸಕ್ಕೆ ಅರ್ಥ. ಇಂಟರ್‌ಫೆರಾನ್ ಲ್ಯಾಂಬ್ಡಾದ ಕಥೆಯನ್ನೇ ತೆಗೆದುಕೊಳ್ಳಿ. 2010ರ ಆಸುಪಾಸಿನಲ್ಲಿ ಹೆಪಟೈಟಿಸ್ ಸಿ ರೋಗಿಗೆ ಆ ಜೀನ್ ಪರೀಕ್ಷೆ ಬರೆದುಕೊಡುತ್ತಿದ್ದರು. ಚಿಕಿತ್ಸೆಗೆ ತಿಂಗಳುಗಟ್ಟಲೆ ಇಂಜೆಕ್ಷನ್ ಬೇಕಿತ್ತು, ತಡೆಯಲಾಗದ ಜ್ವರ, ಸುಸ್ತು ಇರುತ್ತಿತ್ತು. ಫಲಿಸುತ್ತದೋ ಇಲ್ಲವೋ ಮೊದಲೇ ಗೊತ್ತಾದರೆ ಒಳ್ಳೆಯದಿತ್ತು. ಕೆಲವೇ ವರ್ಷಗಳಲ್ಲಿ ವೈರಸ್ಸನ್ನು ಸೀದಾ ತಡೆಯುವ ಮಾತ್ರೆಗಳು ಬಂದವು. ಎರಡು ಮೂರು ತಿಂಗಳು ನುಂಗಿದರೆ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಇಂದು ಆ ಜೀನ್ ಪರೀಕ್ಷೆಯ ಅಗತ್ಯ ಬೀಳುವುದಿಲ್ಲ. ಜನರ ಜೀನ್ ಬದಲಾಗಲಿಲ್ಲ, ಮದ್ದು ಬದಲಾಯಿತು. ಅಷ್ಟಕ್ಕೇ ಆ ವಂಶದ ವ್ಯತ್ಯಾಸ ತನ್ನ ಬೆಲೆ ಕಳೆದುಕೊಂಡಿತು. ಹುಟ್ಟಿದ ಮಗುವಿಗೆ ಲಸಿಕೆ ಹಾಕಿದರೆ ಎಚ್‌ಎಲ್‌ಎ-ಡಿಪಿಗೂ ಇದೇ ಗತಿ.

ಲಸಿಕೆಯ ವಿಷಯದಲ್ಲೂ ಎಚ್‌ಎಲ್‌ಎ ಒಂದಿಷ್ಟು ಆಟವಾಡುತ್ತದೆ ಎಂಬುದು ನಿಜ. ಕೆಲವು ಬಗೆಗಳಿರುವವರಲ್ಲಿ ಹೆಪಟೈಟಿಸ್ ಬಿ ಲಸಿಕೆ ಸಾಕಷ್ಟು ಪ್ರತಿಕಾಯ ಹುಟ್ಟಿಸುವುದಿಲ್ಲ ಎಂದು 1989ರಲ್ಲೇ ಗೊತ್ತಾಯಿತು. ಆದರೆ ಅವರಲ್ಲೂ ಹಲವರಿಗೆ ಇನ್ನೊಂದು ಸುತ್ತು ಡೋಸ್ ಕೊಟ್ಟರೆ ಫಲ ಸಿಗುತ್ತದೆ.

ನಮ್ಮ ಮನೆಗಳಿಗೆ ಇದರ ಅರ್ಥ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 2.98 ಕೋಟಿ ಜನರಿಗೆ ದೀರ್ಘಕಾಲದ ಹೆಪಟೈಟಿಸ್ ಬಿ, 55 ಲಕ್ಷ ಜನರಿಗೆ ಹೆಪಟೈಟಿಸ್ ಸಿ ಇತ್ತು. ಹೆಚ್ಚಿನವರಿಗೆ ಅದು ಗೊತ್ತೇ ಇಲ್ಲ. ದಶಕಗಳ ಕಾಲ ಯಾವ ಲಕ್ಷಣವೂ ಇರುವುದಿಲ್ಲ.

ಗೊತ್ತಾದರೂ ನಾವು ಅದನ್ನು ನೋಡುವ ರೀತಿ ಬೇರೆ. ಕಾಮಾಲೆ ಎಂದರೆ ನಾಟಿ ಔಷಧಿ, ಪಥ್ಯ. ದೊಡ್ಡವರಿಗೆ ಬರುವ ಕಾಮಾಲೆಯ ಸೋಂಕುಗಳಲ್ಲಿ ಹೆಚ್ಚಿನವು ತಾವಾಗಿಯೇ ವಾಸಿಯಾಗುತ್ತವೆ. ಹಾಗಾಗಿ ಆ ಹೊತ್ತಿಗೆ ಏನು ಕೊಟ್ಟಿದ್ದರೂ ಕೀರ್ತಿ ಅದಕ್ಕೇ ಸಲ್ಲುತ್ತದೆ. ಮೈಯೊಳಗಿನ ಟಿ ಕೋಶಗಳಿಗೆ ಯಾರೂ ನಮಸ್ಕಾರ ಹೇಳುವುದಿಲ್ಲ. ನೆಲನೆಲ್ಲಿಯನ್ನು ಗಂಭೀರವಾಗಿ ಪರೀಕ್ಷಿಸಿದವರೂ ಇದ್ದಾರೆ. 1988ರಲ್ಲಿ ಚೆನ್ನೈನ ತ್ಯಾಗರಾಜನ್ ಮತ್ತು ಸಂಗಡಿಗರು ವಾಹಕರ ಮೇಲೆ ಪ್ರಯೋಗ ಮಾಡಿದರು. ಆ ಲೇಖನದ ಸಹಲೇಖಕರಲ್ಲಿ ಸ್ವತಃ ಬ್ಲೂಂಬರ್ಗ್ ಇದ್ದರು. ನೆಲನೆಲ್ಲಿ ಪಡೆದ 37 ಮಂದಿಯಲ್ಲಿ 22 ಮಂದಿಯ ಆ್ಯಂಟಿಜೆನ್ ಮಾಯವಾಯಿತೆಂದು ವರದಿ ಬಂತು. ಬೇರೆ ಕಡೆ ಮತ್ತೆ ಮಾಡಿ ನೋಡಿದಾಗ ಆ ಫಲ ನಿಲ್ಲಲಿಲ್ಲ. ಕಾಮಾಲೆ ಇಳಿಯುವುದು ಒಂದು, ವೈರಸ್ ಹೋಗುವುದು ಇನ್ನೊಂದು.

ಲಸಿಕೆಯಲ್ಲಿ ನಮ್ಮ ದೇಶದ ಕಥೆ ತಡವಾಗಿ ಶುರುವಾಯಿತು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ದೇಶದಲ್ಲೇ ತಯಾರಿಸಿದ ಹೆಪಟೈಟಿಸ್ ಬಿ ಲಸಿಕೆ ತಂದ ಮೇಲೆ ಬೆಲೆ ಇಳಿಯಿತು. 2002ರಲ್ಲಿ ಸರ್ಕಾರಿ ಲಸಿಕೆ ಕಾರ್ಯಕ್ರಮದಲ್ಲಿ ಕೆಲವು ಕಡೆ ಪ್ರಾಯೋಗಿಕವಾಗಿ ಶುರುವಾದದ್ದು, 2011ರ ಹೊತ್ತಿಗೆ ದೇಶಕ್ಕೆಲ್ಲ ಹಬ್ಬಿತು. 2018ರ ಜುಲೈ 28ರಂದು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಜುಲೈ 28 ವಿಶ್ವ ಹೆಪಟೈಟಿಸ್ ದಿನ. ಬ್ಲೂಂಬರ್ಗ್ ಹುಟ್ಟಿದ ದಿನ. ಈ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಚಿಕಿತ್ಸೆ ಎರಡೂ ಉಚಿತ.

ಇದನ್ನು ಓದುತ್ತಿರುವ ಹೆಚ್ಚಿನವರು ಈ ಲಸಿಕೆಗಳಿಗಿಂತ ಮೊದಲೇ ಹುಟ್ಟಿದವರು. ಮಕ್ಕಳಿಗೆ ಹಾಕಿಸಿರುತ್ತೀರಿ, ನಿಮಗೆ ಆಗಿರಲಾರದು. ಮನೆಯಲ್ಲಿ ಯಾರಿಗಾದರೂ ಲಿವರ್ ಕ್ಯಾನ್ಸರ್ ಅಥವಾ ಕುಡಿತವಿಲ್ಲದೆ ಸಿರೋಸಿಸ್ ಆಗಿದ್ದರೆ, ಕೇಳಬೇಕಾದ ಮೊದಲ ಪ್ರಶ್ನೆ ಅವರಿಗೆ ಹೆಪಟೈಟಿಸ್ ಬಿ ಅಥವಾ ಸಿ ಇತ್ತೇ ಎಂಬುದು. ಬಿ ಇದ್ದಿದ್ದರೆ ತಾಯಿ, ಒಡಹುಟ್ಟಿದವರು, ಮಕ್ಕಳು, ಗಂಡ ಅಥವಾ ಹೆಂಡತಿ ಎಲ್ಲರೂ ಎಚ್‌ಬಿಎಸ್‌ಎಜಿ ಪರೀಕ್ಷೆ ಮಾಡಿಸಬೇಕು. ಇಲ್ಲದವರು ಲಸಿಕೆ ಹಾಕಿಸಿಕೊಳ್ಳಬಹುದು. ಇದ್ದವರಿಗೆ ವೈರಸ್ಸನ್ನು ಅಡಗಿಸಿಡುವ ಮಾತ್ರೆಗಳಿವೆ. ವೈದ್ಯರು ಹೇಳಿದಂತೆ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮಾಡಿಸಿದರೆ ಗಡ್ಡೆ ಸಣ್ಣದಿದ್ದಾಗಲೇ ಸಿಗುತ್ತದೆ. ಬಸುರಿಯಲ್ಲಿ ಸೋಂಕು ಕಂಡರೆ ಮಗು ಹುಟ್ಟಿದ 24 ಗಂಟೆಯೊಳಗೆ ಲಸಿಕೆ, ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಕೊಟ್ಟು ದಾಟುವುದನ್ನು ಬಹುಪಾಲು ತಡೆಯಬಹುದು. ಜೊತೆಗೆ ಕೂತು ಉಂಡರೆ, ಒಂದೇ ಲೋಟದಲ್ಲಿ ನೀರು ಕುಡಿದರೆ ಇದು ಅಂಟುವುದಿಲ್ಲ ಎಂಬುದನ್ನೂ ಮನೆಮಂದಿಗೆ ಹೇಳಬೇಕು. ತಟ್ಟೆ ಬೇರೆ ಇಡುವ ಮನೆಗಳಲ್ಲಿ ಯಾರೂ ತಮ್ಮ ರಿಪೋರ್ಟ್ ಹೊರಗೆ ತೆಗೆಯುವುದಿಲ್ಲ.

ಎಚ್‌ಎಲ್‌ಎ ನೋಡಿ ನಿಮಗೆ ಲಿವರ್ ಕ್ಯಾನ್ಸರ್ ಬರುತ್ತದೆಯೇ ಎಂದು ಹೇಳುವ ಪರೀಕ್ಷೆ ಇಂದಿಗೆ ಯಾರಿಗೂ ಬೇಕಿಲ್ಲ. ಜಪಾನೀಯರಲ್ಲೂ ಐರಿಷ್ ಜನರಲ್ಲೂ ಸಿಕ್ಕ ಅಂಕಿಗಳನ್ನು ಎತ್ತಿ ನಮ್ಮ ಮೇಲೆ ಹಾಕಿಕೊಳ್ಳಲೂ ಬರುವುದಿಲ್ಲ. ನಮ್ಮ ಎಚ್‌ಎಲ್‌ಎ ಹಂಚಿಕೆಯೇ ಬೇರೆ. ಈ ಸಂಶೋಧನೆಯ ಬೆಲೆ ಬೇರೆ ಕಡೆಯಿದೆ. ಕೆಲವರ ಮೈ ವೈರಸ್ಸನ್ನು ಹೇಗೆ ಗೆಲ್ಲುತ್ತದೆ ಎಂದು ಗೊತ್ತಾದರೆ, ಗೆಲ್ಲಲಾಗದವರಿಗೆ ಅದೇ ದಾರಿಯನ್ನು ಮದ್ದಿನಲ್ಲಿ ಕಟ್ಟಿಕೊಡಬಹುದು. ಹೆಪಟೈಟಿಸ್ ಬಿಯನ್ನು ಪೂರ್ತಿ ಗುಣಪಡಿಸುವ ಔಷಧಿಗಾಗಿ ಹುಡುಕಾಟ ನಡೆದಿರುವುದು ಈ ದಿಕ್ಕಿನಲ್ಲೂ.

"ನಮ್ಮ ವಂಶದಲ್ಲೇ ಇದೆ" ಎಂಬ ಮಾತಿನಲ್ಲಿ ನಿಜವಿಲ್ಲದಿಲ್ಲ. ಆದರೆ ವಂಶದಲ್ಲಿ ಇಳಿದು ಬಂದದ್ದರಲ್ಲಿ ಜೀನ್‌ನ ಪಾಲು ಸಣ್ಣದು, ವೈರಸ್ಸಿನ ಪಾಲು ದೊಡ್ಡದು. ಸಣ್ಣ ಪಾಲನ್ನು ಯಾರೂ ತಿದ್ದಲಾರರು. ದೊಡ್ಡ ಪಾಲನ್ನು ಒಂದು ರಕ್ತ ಪರೀಕ್ಷೆಯಿಂದ ಕಂಡುಹಿಡಿಯಬಹುದು, ಮುಂದಿನ ತಲೆಮಾರಿಗೆ ದಾಟದಂತೆ ನಿಲ್ಲಿಸಬಹುದು.